ಕಾರ್ಡ್ ಹೇಳಿದ ಲೆಕ್ಕ

ನನ್ನ ಮೇಜಿನ ಖಾನೆಯಲ್ಲಿ ಒಂದು ಹಾಳಾದ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ (ಕಂಪ್ಯೂಟರಿನೊಳಗೆ ಸಿಕ್ಕಿಸುವ ಹೆಚ್ಚುವರಿ ಫಲಕ) ಇದೆ. ಅದಕ್ಕೆ ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೇ ಓಡುವ ತಂತ್ರಾಂಶ, ಬರೆಯುತ್ತಿದ್ದಾಗ ಕರೆಂಟ್ ಹೋಯಿತು. ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ಯುಪಿಎಸ್ ಇತ್ತು. ಆ ಮೇಜಿನ ಪ್ಲಗ್ ಮಾತ್ರ ಅದಕ್ಕೆ ಸೇರಿರಲಿಲ್ಲ. ಆಮೇಲೆ ಆ ಕಾರ್ಡನ್ನು ಯಾವ ಯಂತ್ರಕ್ಕೆ ಹಾಕಿದರೂ ಬೂಟ್ ಅರ್ಧಕ್ಕೇ ನಿಲ್ಲುತ್ತಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್ ಏಳುತ್ತಿತ್ತು, ಕಾರ್ಡನ್ನು ನಡೆಸಲು ನಾನು ಬರೆದ ಡ್ರೈವರ್ ಅದನ್ನು ಮಾತನಾಡಿಸುತ್ತಿತ್ತು, ಮರುಕ್ಷಣವೇ ಪೇಜ್ ಫಾಲ್ಟ್: ಇಲ್ಲದ ಮೆಮೊರಿಗೆ ಕೈ ಹಾಕಿದ ತಪ್ಪು.

"ಕಾರ್ಡ್ ಕೆಟ್ಟಿದೆ, ಬಿಡಿ ಸರ್" ಎಂದರು ಹಾರ್ಡ್‌ವೇರ್ ತಂಡದವರು. ಕೆಟ್ಟದ್ದು ನಿಜ. ಆದರೆ ಕಾರ್ಡ್ ಕೆಟ್ಟರೆ ಕಾರ್ಡ್ ಕೆಲಸ ಮಾಡಬಾರದು, ಇಡೀ ಯಂತ್ರ ಏಕೆ ಬೀಳಬೇಕು? ತಪ್ಪು ನನ್ನ ಡ್ರೈವರಿನಲ್ಲಿತ್ತು.

ಆ ಕಾರ್ಡಿನ ಫ್ಲ್ಯಾಶ್‌ನಲ್ಲಿ, ಅಂದರೆ ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ, ಕಾರ್ಡಿನಲ್ಲಿ ಏನೇನಿದೆ ಎಂದು ಡ್ರೈವರಿಗೆ ಹೇಳುವ ಒಂದು ಟೇಬಲ್ ಇರುತ್ತದೆ. ಮೊದಲ 16 ಬೈಟ್ ಹೆಡರ್: ಗುರುತು, ಆವೃತ್ತಿ, ಹೆಡರಿನ ಗಾತ್ರ, ಟೇಬಲಿನ ಒಟ್ಟು ಉದ್ದ, ನಮೂದುಗಳ ಸಂಖ್ಯೆ, ಒಂದು ನಮೂದಿನ ಗಾತ್ರ. ಆಮೇಲೆ 12 ಬೈಟಿನ ಒಂದೊಂದು ನಮೂದು: ಬಗೆ, ಫ್ಲ್ಯಾಗ್, ವಿವರ ಎಲ್ಲಿದೆ ಎಂಬ ಆಫ್‌ಸೆಟ್, ಅದರ ಉದ್ದ. ಫ್ಲ್ಯಾಶ್‌ಗೆ ಬರೆಯುವುದು 256 ಬೈಟಿನ ಪುಟಗಳಲ್ಲಿ. ನಮ್ಮ ಕಾರ್ಡಿನಲ್ಲಿ ಒಂದೇ ಪುಟ ಬರೆದು ಮುಗಿದಿತ್ತು. ಹಾಗಾಗಿ ಹೆಡರ್ ಸರಿ, 20 ನಮೂದುಗಳೂ ಸರಿ; 21ನೆಯದರಿಂದ ಮುಂದೆ ಬರೀ ಅಳಿಸಿದ ಫ್ಲ್ಯಾಶ್. ಅಳಿಸಿದ ಫ್ಲ್ಯಾಶ್ ಓದಿದರೆ ಪ್ರತಿ ಬೈಟೂ 255. ಹಾಗಾಗಿ ನಾಲ್ಕು ಬೈಟಿನ ಆಫ್‌ಸೆಟ್ 4294967295 ಎಂದು ಕಾರ್ಡ್ ಹೇಳಿತು, ನನ್ನ ಡ್ರೈವರ್ ನಾಲ್ಕು ಗಿಗಾಬೈಟ್ ಆಚೆ ಹೋಗಿ ನಿಷ್ಠೆಯಿಂದ ಕೈ ಹಾಕಿತು.

ಗುರುತಿನ ನಾಲ್ಕು ಅಕ್ಷರ ಸರಿಯಿದ್ದರೆ ಒಳಗಿನದೆಲ್ಲ ಸರಿ ಎಂದುಕೊಂಡಿದ್ದೆ. ಲಕೋಟೆಯ ಮೇಲಿನ ಮೊಹರು ನೋಡಿ ಒಳಗಿನ ಚೆಕ್ಕಿಗೆ ಹಣ ಕೊಟ್ಟಂತಾಯಿತು.

ಮೊದಲ ತಿದ್ದುಪಡಿ ಅರ್ಧ ಗಂಟೆಯಲ್ಲಿ ಮುಗಿಯಿತು: ಆಫ್‌ಸೆಟ್ ಮತ್ತು ಉದ್ದ ಕೂಡಿಸು, ಒಟ್ಟು ಟೇಬಲಿನ ಗಾತ್ರ ಮೀರಿದರೆ ತಿರಸ್ಕರಿಸು. ವಿಮರ್ಶೆಗೆ ಕಳಿಸಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಎರಡೇ ಅಂಕಿ ಬರೆದು ಹಿಂತಿರುಗಿಸಿದರು: 4294967280 ಮತ್ತು 32. 32 ಬಿಟ್‌ನ ಲೆಕ್ಕ 4294967295 ದಾಟಿದರೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ; ಹಾಗಾಗಿ ಎರಡನ್ನೂ 32 ಬಿಟ್‌ನಲ್ಲಿ ಕೂಡಿಸಿದರೆ ಉತ್ತರ 16. ನನ್ನ ಪರೀಕ್ಷೆ ಸಂತೋಷದಿಂದ ಒಳಗೆ ಬಿಡುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆ ದಿನದಿಂದ ಇಂಥ ಕಡೆ ನಾನು ಕೂಡುವುದಿಲ್ಲ, ಕಳೆಯುತ್ತೇನೆ. ಆಫ್‌ಸೆಟ್ ಗಾತ್ರಕ್ಕಿಂತ ಹೆಚ್ಚಲ್ಲ ಎಂದು ಮೊದಲು ಖಚಿತಪಡಿಸಿಕೊಂಡು, ಬಳಿಕ ಗಾತ್ರದಿಂದ ಆಫ್‌ಸೆಟ್ ಕಳೆದು, ಉಳಿದದ್ದರಲ್ಲಿ ಉದ್ದ ಹಿಡಿಸುತ್ತದೆಯೇ ಎಂದು ನೋಡುತ್ತೇನೆ. ಕೂಡಲೇಬೇಕಾದರೆ ಕರ್ನಲ್‌ನಲ್ಲೇ ಇರುವ ಓವರ್‌ಫ್ಲೋ (ಹೀಗೆ ಮಿತಿ ದಾಟುವುದು) ಪರೀಕ್ಷಿಸುವ ಮ್ಯಾಕ್ರೋಗಳನ್ನು ಬಳಸುತ್ತೇನೆ.

ಗುಣಾಕಾರ ಇದಕ್ಕಿಂತ ಕಳ್ಳ. ನಮೂದುಗಳ ಸಂಖ್ಯೆ 16 ಬಿಟ್, ಒಂದರ ಗಾತ್ರ 16 ಬಿಟ್. ಎರಡೂ ಚಿಹ್ನೆಯಿಲ್ಲದ ಸಂಖ್ಯೆಗಳು, ಗುಣಲಬ್ಧ 32 ಬಿಟ್‌ನಲ್ಲಿ ಹಿಡಿಸುತ್ತದೆ, ಏನಾದೀತು ಎಂದುಕೊಂಡಿದ್ದೆ. ಆದರೆ ಸಿ ಭಾಷೆ ಗುಣಿಸುವ ಮೊದಲು ಎರಡನ್ನೂ ಚಿಹ್ನೆಯಿರುವ ಇಂಟಿಜರ್ (ಧನವೂ ಋಣವೂ ಆಗಬಲ್ಲ ಪೂರ್ಣಾಂಕ) ಮಾಡುತ್ತದೆ. ಕರ್ನಲ್ ಕಟ್ಟುವ ರೀತಿಯಲ್ಲಿ 65535ನ್ನು 65535ರಿಂದ ಗುಣಿಸಿದರೆ ಸಿಗುವುದು −131071. ಅದನ್ನು ಇಂಟಿಜರ್ ಆಗಿಯೇ ಇಟ್ಟ ಟೇಬಲಿನ ಗಾತ್ರದೊಂದಿಗೆ ಹೋಲಿಸಿದರೆ, ಋಣ ಸಂಖ್ಯೆ ಸಹಜವಾಗಿಯೇ ಚಿಕ್ಕದು; ಪಾಸ್. ಇದು ತಿಳಿದ ಸಂಜೆ ನನ್ನ ಹಳೆಯ ಡ್ರೈವರುಗಳನ್ನೆಲ್ಲ ತೆರೆದು ಕುಳಿತೆ. ಏನು ಸಿಕ್ಕಿತು ಎಂದು ಇಲ್ಲಿ ಬರೆಯುವುದಿಲ್ಲ.

ಮುಂದಿನ ಪೆಟ್ಟು ಬೇರೆ ದಿಕ್ಕಿನಿಂದ ಬಂತು. ಈ ಬಾರಿ ಕಾರ್ಡ್ ಆರೋಗ್ಯವಾಗಿತ್ತು. ಡ್ರೈವರ್ ಮೊದಲು ಹೆಡರ್ ಓದಿ, 24 ನಮೂದುಗಳಿವೆ ಎಂದು ತಿಳಿದು, ಅಷ್ಟಕ್ಕೆ ಮೆಮೊರಿ ಪಡೆಯುತ್ತಿತ್ತು. ಆಮೇಲೆ ಹೆಡರ್ ಸಮೇತ ಇಡೀ ಟೇಬಲ್ ಓದಿ, ಅದರಲ್ಲಿರುವ ಸಂಖ್ಯೆಯಷ್ಟು ಸುತ್ತು ಹಾಕುತ್ತಿತ್ತು. ಈ ಎರಡು ಓದುಗಳ ನಡುವೆ ಕಾರ್ಡಿನ ಒಳಗಿನ ಮೈಕ್ರೋಕಂಟ್ರೋಲರ್ ಎರಡು ಪೋರ್ಟುಗಳನ್ನು ಪತ್ತೆಹಚ್ಚಿ, ತನ್ನ ಮೆಮೊರಿಯಲ್ಲಿದ್ದ ಟೇಬಲಿಗೆ ಎರಡು ನಮೂದು ಸೇರಿಸಿತು. 24ರ ಜಾಗಕ್ಕೆ 26 ತುಂಬಿದೆ. ಮೆಮೊರಿ ತಪ್ಪುಗಳನ್ನು ಹಿಡಿಯುವ ಕೆಎಎಸ್ಎಎನ್ (KASAN) ಎಂಬ ಸೌಲಭ್ಯ ಹಾಕಿ ಕಟ್ಟಿದ ಕರ್ನಲ್ ಅದನ್ನು ಹಿಡಿದುಕೊಟ್ಟಿತು. ಇಲ್ಲದಿದ್ದರೆ ಪಕ್ಕದ ಮೆಮೊರಿ ಸದ್ದಿಲ್ಲದೆ ಕೆಡುತ್ತಿತ್ತು. ದುರುದ್ದೇಶ ಯಾರಿಗೂ ಇರಲಿಲ್ಲ. ದುರುದ್ದೇಶ ಇರುವ ಸಾಧನವಾದರೆ ಇದನ್ನೇ ಬೇಕೆಂದು ಮಾಡುತ್ತದೆ.

ಈಗ ಕ್ರಮ ಬೇರೆ. ಒಟ್ಟು ಉದ್ದ ತಿಳಿಯಲಿಕ್ಕಷ್ಟೇ ಹೆಡರ್ ಓದುತ್ತೇನೆ. ಆ ಉದ್ದಕ್ಕೆ ನಾನೇ ಹಾಕಿದ ಮಿತಿ 64 ಕಿಲೋಬೈಟ್. ಆಮೇಲೆ ಇಡೀ ಟೇಬಲನ್ನು ಒಂದೇ ಸಲಕ್ಕೆ ಕರ್ನಲ್ ಮೆಮೊರಿಗೆ ನಕಲು ಮಾಡಿ, ಮೊದಲು ಓದಿದ ಹೆಡರನ್ನು ಮರೆತು, ನಕಲಿನಲ್ಲಿರುವ ಎಲ್ಲವನ್ನೂ ಹೊಸದಾಗಿ ಪರೀಕ್ಷಿಸುತ್ತೇನೆ. ನಕಲಿನಲ್ಲಿ ಬರೆದಿರುವ ಉದ್ದ ನಾನು ನಿಜಕ್ಕೂ ತಂದ ಬೈಟುಗಳಿಗಿಂತ ಹೆಚ್ಚಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಸಾಧನದ ಕಡೆ ಮತ್ತೆ ತಿರುಗಿ ನೋಡುವುದಿಲ್ಲ.

ಎಣಿಸುವ ಸುತ್ತು ಒಂದು, ತುಂಬುವ ಸುತ್ತು ಇನ್ನೊಂದು ಎಂಬ ಪದ್ಧತಿ ಎಷ್ಟು ದಿನ ಅಡಗಿ ಕೂರಬಲ್ಲದು ಎನ್ನುವುದಕ್ಕೆ ಲಿನಕ್ಸ್‌ನ ಯುಎಸ್‌ಬಿ ಕ್ಯಾಮೆರಾ ಡ್ರೈವರ್ ಸಾಕ್ಷಿ. ಕ್ಯಾಮೆರಾ ತನ್ನ ಬಗ್ಗೆ ಕೊಡುವ ವಿವರಗಳಲ್ಲಿ (ಡಿಸ್ಕ್ರಿಪ್ಟರುಗಳಲ್ಲಿ) ಎಷ್ಟು ಫ್ರೇಮ್ ಬಗೆಗಳಿವೆ ಎಂದು ಎಣಿಸುವಾಗ ಅದು ವ್ಯಾಖ್ಯಾನವಿಲ್ಲದ (ಅನ್‌ಡಿಫೈನ್ಡ್) ಒಂದು ಬಗೆಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ತುಂಬುವಾಗ ಅದನ್ನೂ ತುಂಬುತ್ತಿತ್ತು. 2008ರ 2.6.26 ಆವೃತ್ತಿಯಿಂದ ಇದ್ದ ಈ ದೋಷಕ್ಕೆ 2024ರಲ್ಲಿ ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2024-53104 ಎಂಬ ಸಂಖ್ಯೆ ಬಂತು. ಸರ್ಬಿಯಾದ ವಿದ್ಯಾರ್ಥಿ ಕಾರ್ಯಕರ್ತನೊಬ್ಬನ ಆಂಡ್ರಾಯ್ಡ್ ಫೋನ್ ತೆರೆಯಲು ಬಳಸಿದ ದೋಷಗಳ ಸರಪಳಿಯಲ್ಲಿ ಇದೂ ಇತ್ತು ಎಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2025ರ ಫೆಬ್ರುವರಿಯಲ್ಲಿ ವರದಿ ಮಾಡಿತು. ತಿದ್ದುಪಡಿ ಬಹಳ ಚಿಕ್ಕದು: ಆ ಬಗೆಯನ್ನು ತುಂಬುವಾಗಲೂ ಬಿಟ್ಟುಬಿಡು. ನನ್ನ ಕೋಡಿನಲ್ಲಿ ಈಗ ಎಣಿಕೆ ಮತ್ತು ತುಂಬುವಿಕೆ ಎರಡನ್ನೂ ಒಂದೇ ಫಂಕ್ಷನ್ ಮಾಡುತ್ತದೆ. ಯಾವ ನಮೂದನ್ನು ಬಿಡಬೇಕೆಂಬ ನಿರ್ಧಾರ ಒಂದೇ ಕಡೆ ಇರುತ್ತದೆ.

ಮುಖ್ಯ ಬದಲಾವಣೆ ಓದುವ ರೀತಿಯಲ್ಲೇ ಆಯಿತು. ಮೊದಲೆಲ್ಲ ಬಫರಿನ (ನಕಲು ಇರುವ ಮೆಮೊರಿಯ) ವಿಳಾಸವನ್ನೇ ಸ್ಟ್ರಕ್ಟ್ ಪಾಯಿಂಟರ್ ಮಾಡಿಕೊಂಡು, ಅಂದರೆ ಅಲ್ಲಿರುವ ಬೈಟುಗಳು ನನ್ನ ನಮೂನೆಯಲ್ಲೇ ಇವೆ ಎಂದುಕೊಂಡು, ಓದುತ್ತಿದ್ದೆ. ಬರೆಯಲು ಸುಲಭ, ನೋಡಲು ಅಂದ, ಅಷ್ಟೇ. ಈಗ ಒಂದು ಪುಟ್ಟ ಕರ್ಸರ್ ಇದೆ. ಎಲ್ಲಿದ್ದೇನೆ, ಇನ್ನೆಷ್ಟು ಬೈಟ್ ಉಳಿದಿದೆ, ಈವರೆಗೆ ತಪ್ಪಾಗಿದೆಯೇ ಎಂಬ ಮೂರೇ ವಿಷಯ ಅದಕ್ಕೆ ಗೊತ್ತು. ಎರಡು ಬೈಟ್ ಕೊಡು, ನಾಲ್ಕು ಬೈಟ್ ಕೊಡು ಎಂದು ಕೇಳಿದರೆ ಕೊಡುತ್ತದೆ. ಉಳಿದಿಲ್ಲದಿದ್ದರೆ ಸೊನ್ನೆ ಕೊಟ್ಟು ತಪ್ಪಿನ ಗುರುತು ಹಾಕಿಕೊಳ್ಳುತ್ತದೆ, ಆ ಗುರುತು ಮತ್ತೆ ಅಳಿಯುವುದಿಲ್ಲ. ಬೈಟುಗಳ ಕ್ರಮ, ಸರಿಹೊಂದದ ವಿಳಾಸ, ಎರಡರ ತೊಂದರೆಯನ್ನೂ ಆ ಕರ್ಸರೇ ನೋಡಿಕೊಳ್ಳುತ್ತದೆ. ಓದಿದ್ದನ್ನು ನನ್ನದೇ ಸ್ಟ್ರಕ್ಟ್‌ಗೆ ತುಂಬಿ, ಮೂಲ ಬಫರನ್ನು ತಕ್ಷಣ ಬಿಟ್ಟುಬಿಡುತ್ತೇನೆ. ಅದು ಉಳಿದಿದ್ದರೆ ಆರು ತಿಂಗಳ ಬಳಿಕ ಯಾರೋ, ಬಹುಶಃ ನಾನೇ, ಅವಸರದಲ್ಲಿ ಅದರಿಂದ ಒಂದು ಅಂಕಿ ನೇರವಾಗಿ ಎತ್ತಿಕೊಳ್ಳುತ್ತೇವೆ.

ನಮೂದಿನ ಗಾತ್ರ 12ಕ್ಕಿಂತ ಕಡಿಮೆ ಎಂದರೆ ಟೇಬಲ್ ತಿರಸ್ಕೃತ. ಸೊನ್ನೆ ಎಂದರೆ ಓದುವವನು ನಿಂತಲ್ಲೇ ನಿಲ್ಲುತ್ತಾನೆ. ಯಂತ್ರದ ಫರ್ಮ್‌ವೇರ್ ತನ್ನ ಹಾರ್ಡ್‌ವೇರ್ ಬಗ್ಗೆ ಕೊಡುವ ಎಸಿಪಿಐ ಟೇಬಲ್ ಓದುವ ಕರ್ನಲ್ ಕೋಡಿನಲ್ಲೂ ಸೊನ್ನೆ ಉದ್ದಕ್ಕೆಂದೇ ಪ್ರತ್ಯೇಕ ಪರೀಕ್ಷೆ ಇದೆ. ಹೆಚ್ಚಿದ್ದರೆ ತಿರಸ್ಕರಿಸುವುದಿಲ್ಲ: ನನಗೆ ಗೊತ್ತಿರುವ 12 ಓದಿ, ಕಾರ್ಡ್ ಹೇಳಿದಷ್ಟು ಹಾರುತ್ತೇನೆ. ಹೊಸ ಫರ್ಮ್‌ವೇರ್ 16 ಬೈಟಿನ ನಮೂದು ತಂದಾಗ ಹಳೆಯ ಡ್ರೈವರ್ ಹಾಗೆಯೇ ಓಡಿತು.

ಕಟ್ಟುನಿಟ್ಟು ಎಲ್ಲಿಯವರೆಗೆ ಎಂಬ ಪಾಠಕ್ಕೆ ಬೈಗುಳದ ಬೆಲೆ ಕೊಟ್ಟಿದ್ದೇನೆ. ಉತ್ಸಾಹದಲ್ಲಿ ಚೆಕ್‌ಸಮ್ (ಬೈಟುಗಳು ಕೆಟ್ಟಿಲ್ಲವೆಂದು ನೋಡಲು ಜೊತೆಗಿಡುವ ಮೊತ್ತ) ತಪ್ಪಿದ ಟೇಬಲುಗಳನ್ನೆಲ್ಲ ತಿರಸ್ಕರಿಸಿದೆ. ವರ್ಷಗಳಿಂದ ಚೆನ್ನಾಗಿ ಓಡುತ್ತಿದ್ದ ಒಂದು ಹಳೆಯ ಕಂತಿನ ಕಾರ್ಡುಗಳು ಒಂದೇ ರಾತ್ರಿ ಮೂಕವಾದವು. ಅವಕ್ಕೆ ಚೆಕ್‌ಸಮ್ ಬರೆದ ಉಪಕರಣವೇ ತಪ್ಪಿತ್ತು. ಈಗ ಎಲ್ಲೆಯ ಪರೀಕ್ಷೆಗಳಲ್ಲಿ ರಾಜಿಯಿಲ್ಲ, ಚೆಕ್‌ಸಮ್ ತಪ್ಪಿದರೆ ಲಾಗ್‌ನಲ್ಲಿ ಒಂದು ಎಚ್ಚರಿಕೆ ಮಾತ್ರ. ಅಷ್ಟಕ್ಕೂ ಚೆಕ್‌ಸಮ್ ಹಿಡಿಯುವುದು ಅಪಘಾತವನ್ನು. ಟೇಬಲನ್ನೇ ತಿದ್ದಬಲ್ಲವನಿಗೆ ಚೆಕ್‌ಸಮ್ ತಿದ್ದುವುದು ಎಷ್ಟು ಹೊತ್ತಿನ ಕೆಲಸ?

ಬಫರ್ ಮತ್ತು ಉದ್ದ ಬಿಟ್ಟು ಇನ್ನೇನನ್ನೂ ಕೇಳದಂತೆ ಪಾರ್ಸರ್ (ಟೇಬಲ್ ಓದಿ ಬಿಡಿಸುವ ಭಾಗ) ಬರೆದದ್ದರಿಂದ ಇನ್ನೊಂದು ಲಾಭವಾಯಿತು. ಅದನ್ನು ಕರ್ನಲಿನ ಹೊರಗೆ ಕಟ್ಟಿ, ಅಡ್ಡಾದಿಡ್ಡಿ ಬೈಟುಗಳನ್ನು ಉಣಿಸಿ ತಪ್ಪು ಹುಡುಕುವ ಲಿಬ್‌ಫಜರ್‌ಗೆ ಕೊಟ್ಟೆ. ಕಾಫಿ ಮುಗಿಯುವ ಮೊದಲೇ ಒಂದು ತಪ್ಪು ಸಿಕ್ಕಿತು: ನಮೂದಿನ ಬಗೆಯ ಸಂಖ್ಯೆಯನ್ನೇ, ಮಿತಿ ನೋಡದೆ, ಹೆಸರುಗಳ ಅರೇಗೆ (ಪಟ್ಟಿಗೆ) ಸೂಚ್ಯಂಕ ಮಾಡಿದ್ದೆ, ಅದೂ ಎಚ್ಚರಿಕೆಯ ಸಂದೇಶ ಮುದ್ರಿಸುವ ಸಾಲಿನಲ್ಲಿ. ಮರುದಿನ ಬೆಳಿಗ್ಗೆ ಇನ್ನೊಂದು: 16 ಬೈಟಿನ ಹೆಸರಿನ ಕೊನೆಯಲ್ಲಿ, ಅದು ಮುಗಿಯಿತೆಂದು ತೋರಿಸುವ ಸೊನ್ನೆ ಇದ್ದೇ ಇರುತ್ತದೆ ಎಂದುಕೊಂಡಿದ್ದೆ.

ಪ್ರತಿ ಬಿಡುಗಡೆಗೆ ಮೊದಲು ಖಾನೆಯ ಆ ಕಾರ್ಡನ್ನು ತೆಗೆದು ಹಾಕಿ ನೋಡುತ್ತೇನೆ. ಯಂತ್ರ ಬೂಟ್ ಆಗುತ್ತದೆ. 21ನೆಯ ನಮೂದಿನ ಆಫ್‌ಸೆಟ್ ಟೇಬಲಿನ ಹೊರಗಿದೆ ಎಂದು ಲಾಗ್‌ನಲ್ಲಿ ಒಂದು ಸಾಲು ಬೀಳುತ್ತದೆ, ಕಾರ್ಡ್ ಸುಮ್ಮನಿರುತ್ತದೆ. ಹಾರ್ಡ್‌ವೇರ್ ತಂಡದವರು ಅದನ್ನು ಸರಿಮಾಡಿ ಕೊಡುತ್ತೇವೆ ಎಂದು ಎರಡು ಸಲ ಕೇಳಿದ್ದಾರೆ. ನಾನು ಇನ್ನೂ ಕೊಟ್ಟಿಲ್ಲ.