ಮೀಟರ್ ಹಳೆಯದೇ, ಗಾಜು ಮಾತ್ರ ಹೊಸದು

ನನ್ನ ಹಳೆಯ ಕಾರಿನ ಮೀಟರ್‌ನಲ್ಲಿ ಕಿಲೋಮೀಟರ್ ತೋರಿಸುವ ಎಲ್‌ಸಿಡಿ ಪರದೆಯ ಮೂಲೆಗೆ ಪೆಟ್ಟು ಬಿದ್ದು ಕಪ್ಪು ಕಲೆ ಮೂಡಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಆ ಕಲೆ ಅರ್ಧ ಅಂಕಿಗಳನ್ನು ನುಂಗಿತು. ಇಡೀ ಮೀಟರನ್ನೇ ಬದಲಿಸಬೇಕು ಎಂದು ಸರ್ವಿಸ್ ಸೆಂಟರ್‌ನಲ್ಲಿ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಕಾರು ಓಡಿದ ಲೆಕ್ಕ ಇರುವುದು ಪರದೆಯಲ್ಲಲ್ಲ, ಹಿಂದಿನ ಬೋರ್ಡಿನ ಮೆಮೊರಿ ಚಿಪ್‌ನಲ್ಲಿ. ಗುಜರಿಯಿಂದ ಬೇರೊಂದು ಮೀಟರ್ ತಂದು ಕೂರಿಸಿದರೆ ಯಾವುದೋ ಕಾರಿನ ಓಟ ನನ್ನ ಕಾರಿನ ಲೆಕ್ಕಕ್ಕೆ ಬರುತ್ತದೆ. ನಾಳೆ ಕೊಳ್ಳುವವರಿಗೆ ಅದು ಮೋಸ. ಬೋರ್ಡು ಗಟ್ಟಿಯಾಗಿದ್ದುದರಿಂದ ಅದೇ ಮಾದರಿಯ ಎಲ್‌ಸಿಡಿ ಗಾಜನ್ನಷ್ಟೇ ತರಿಸಿಕೊಂಡೆ.

ಕಾರವಾರದಲ್ಲಿ ಈ ಕೆಲಸಕ್ಕೆ ಮಳೆಗಾಲ ಸಲ್ಲದು. ಕಡಲಿನ ತೇವ ಒಳಗೆ ಸೇರಿಕೊಂಡರೆ, ಮುಚ್ಚಿದ ಮೇಲೆ ಮೀಟರ್‌ನ ಮುಸುಕು ಒಳಗಿನಿಂದ ಮಂಜುಗಟ್ಟುತ್ತದೆ. ದೀಪಾವಳಿ ಕಳೆದು ಗಾಳಿ ಒಣಗುವವರೆಗೂ ಕಾದೆ.

ಕೀಲಿ ತಿರುಗಿಸಿ, ಮುಳ್ಳುಗಳು ಎಲ್ಲಿ ನಿಲ್ಲುತ್ತವೆ ಎಂಬುದರ ಚಿತ್ರ ಮೊಬೈಲ್‌ನಲ್ಲಿ ತೆಗೆದುಕೊಂಡೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಕಾಲು ಗಂಟೆ ಸುಮ್ಮನೆ ಬಿಟ್ಟೆ. ಏರ್‌ಬ್ಯಾಗ್‌ನ ಕೆಪಾಸಿಟರ್‌ನಲ್ಲಿ ಉಳಿದ ವಿದ್ಯುತ್ ಇಳಿಯಬೇಕು. ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿನವು, ಅವುಗಳ ಹತ್ತಿರವೂ ಕೈ ಹಾಕಲಿಲ್ಲ. ಸ್ಟೀರಿಂಗ್ ಕೆಳಕ್ಕಿಳಿಸಿ, ಚೌಕಟ್ಟಿನ ತಿರುಪು ಬಿಚ್ಚಿ, ಮೀಟರ್ ಹೊರತೆಗೆಯುವುದು ಸುಲಭವಾಯಿತು. ಮುಳ್ಳುಗಳನ್ನು ಬೆರಳಿನಿಂದ ತಿರುಗಿಸಬಾರದು, ಹಿಂದಿನ ಪುಟ್ಟ ಸ್ಟೆಪರ್ ಮೋಟರ್ ಕೆಡುತ್ತದೆ. ಎರಡು ಚಮಚಗಳ ಕೆಳಗೆ ಬಟ್ಟೆ ಹಾಸಿ, ಅವುಗಳಿಂದ ಪ್ರತಿ ಮುಳ್ಳನ್ನೂ ಎರಡೂ ಬದಿಯಿಂದ ಸಮವಾಗಿ ನೇರ ಮೇಲಕ್ಕೆ ಎತ್ತಿದೆ.

ಡಯಲ್ ತೆಗೆದ ಮೇಲೆ ಗಾಜು ಸಿಕ್ಕಿತು. ಈ ಕೆಲಸದ ಜೀವ ಇರುವುದೆಲ್ಲ ಇಲ್ಲಿಯೇ. ನನ್ನ ಮೀಟರ್‌ನಲ್ಲಿ ಗಾಜಿಗೂ ಬೋರ್ಡಿಗೂ ಬೆಸುಗೆ ಇಲ್ಲ. ನಡುವೆ ಜೀಬ್ರಾ ಪಟ್ಟಿ ಎಂಬ ರಬ್ಬರ್ ಇರುತ್ತದೆ. ವಿದ್ಯುತ್ ಹರಿಯುವ ಪದರ, ಹರಿಯದ ಪದರ ಅದರಲ್ಲಿ ಒಂದರ ಪಕ್ಕ ಒಂದು. ಒತ್ತಡದಿಂದಲೇ ಸಂಪರ್ಕ. ಬೆರಳಿನ ಜಿಡ್ಡು ಅಥವಾ ಒಂದು ಧೂಳಿನ ಕಣ ಸಾಕು, ಎಂಟು ಮೂರರಂತೆ ಕಾಣುತ್ತದೆ. ಪಟ್ಟಿಯನ್ನೂ ಬೋರ್ಡಿನ ಚಿನ್ನದ ಬಣ್ಣದ ಅಂಚನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ನಯವಾದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಟ್ಟೆ. ಉಪ್ಪುಗಾಳಿಗೆ ಹಿಂದಿನ ಕನೆಕ್ಟರ್‌ನ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು, ಅದನ್ನೂ ತೆಗೆದೆ. ಹೊಸ ಗಾಜನ್ನು ಅಂಚು ಹಿಡಿದು ಕೂರಿಸಿ, ಅದನ್ನು ಹಿಡಿದಿಡುವ ಚೌಕಟ್ಟಿನ ತಿರುಪುಗಳನ್ನು ಅಡ್ಡಮೂಲೆಗಳಿಂದ ಸ್ವಲ್ಪಸ್ವಲ್ಪವಾಗಿ ಬಿಗಿದೆ. ಒಂದೇ ಕಡೆ ಬಿಗಿದರೆ ಗಾಜು ಸೀಳುತ್ತದೆ.

ಮುಚ್ಚುವ ಮೊದಲೇ ಮೀಟರನ್ನು ಕಾರಿಗೆ ಜೋಡಿಸಿ ಕೀಲಿ ತಿರುಗಿಸಿದೆ. ಅಂಕಿಗಳೆಲ್ಲ ಸಂಪೂರ್ಣವಾಗಿ ಮೂಡಿದವು, ಹಳೆಯ ಕಿಲೋಮೀಟರ್ ಹಾಗೆಯೇ ಇತ್ತು. ಆ ಸಂತೋಷ ದೊಡ್ಡದು. ಮೋಟರ್‌ಗಳು ಸೊನ್ನೆಗೆ ಬಂದು ನಿಂತ ಮೇಲೆ ಚಿತ್ರ ನೋಡಿಕೊಂಡು ಮುಳ್ಳುಗಳನ್ನು ಒತ್ತಿದೆ. ಅಂಕೋಲಾ ಕಡೆಗಿನ ಹೆದ್ದಾರಿ 66ರಲ್ಲಿ, ಪಕ್ಕದಲ್ಲಿ ಕುಳಿತ ತಮ್ಮ ಮೊಬೈಲ್‌ನ ಜಿಪಿಎಸ್ ವೇಗವನ್ನು ಓದುತ್ತಾ ಹೋದ. ಸ್ಪೀಡಿನ ಮುಳ್ಳು ಅದಕ್ಕೆ ಹೊಂದಿಕೊಂಡಿತು. ಪೆಟ್ರೋಲ್ ಮುಳ್ಳನ್ನು ಟ್ಯಾಂಕ್ ತುಂಬಿಸಿದ ಮೇಲೆ ನೋಡಿದೆ. ಅದೂ ತುದಿಯ ಗೆರೆಗೇ ಬಂದು ನಿಂತಿತು.