ಚಿತ್ರದ ಅಗಲವೇ ಅದರ ಶ್ರುತಿ

ಚಿತ್ರವನ್ನು ಧ್ವನಿಯಾಗಿಸಲು ನಾನು ವಿಶೇಷ ತಂತ್ರಾಂಶವನ್ನೇನೂ ಕೊಂಡಿಲ್ಲ. ಧ್ವನಿ ತಿದ್ದಲು ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ 'ಇಂಪೋರ್ಟ್ ರಾ ಡೇಟಾ' ಎಂಬ ಆಯ್ಕೆಯಿದೆ. ಕೊಟ್ಟಿದ್ದು ಹಾಡೋ ಫೋಟೋವೋ ಎಂದು ಅದು ವಿಚಾರಿಸುವುದಿಲ್ಲ. ಒಂದೊಂದು ಬೈಟನ್ನೂ ಧ್ವನಿಯ ಒಂದೊಂದು ಬಿಂದುವೆಂದು ಓದಿಬಿಡುತ್ತದೆ.

ಮೊಬೈಲ್‌ನ ಜೆಪೆಗ್ ಫೋಟೋವನ್ನು ಹಾಗೆಯೇ ಕೊಟ್ಟರೆ ಕೇಳಿಸುವುದು ಬರೀ ಭುಸ್ ಎನ್ನುವ ಗದ್ದಲ. ಗಾತ್ರ ಕುಗ್ಗಿಸಲೆಂದು ಜೆಪೆಗ್ ಪುನರಾವರ್ತನೆಗಳನ್ನೆಲ್ಲ ಹಿಂಡಿ ತೆಗೆದಿರುತ್ತದೆ. ಪುನರಾವರ್ತನೆ ಇಲ್ಲದೆ ಸ್ವರವೆಲ್ಲಿ? ಆದ್ದರಿಂದ ಚಿತ್ರವನ್ನು ಮೊದಲು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕಪ್ಪು-ಬಿಳುಪು ಮಾಡಿ, 400 ಪಿಕ್ಸೆಲ್ ಅಗಲ, 600 ಪಿಕ್ಸೆಲ್ ಎತ್ತರಕ್ಕೆ ತಂದು, 8 ಬಿಟ್‌ನ (ಪಿಕ್ಸೆಲ್‌ಗೆ ಒಂದು ಬೈಟ್) ಬಿಎಂಪಿ ಎಂಬ, ಹಿಂಡದ ಚಿತ್ರಕಡತವಾಗಿ ಉಳಿಸುತ್ತೇನೆ. ಆಡಾಸಿಟಿಗೆ ತರುವಾಗ ಅನ್‌ಸೈನ್ಡ್ 8 ಬಿಟ್, ಮೋನೋ, 44,100 ಹರ್ಟ್ಸ್ (ಅಂದರೆ ಸೆಕೆಂಡಿಗೆ 44,100 ಬಿಂದು) ಎಂದು ಆರಿಸಿದರೆ ಸುಮಾರು ಐದೂವರೆ ಸೆಕೆಂಡಿನ ಧ್ವನಿ ಸಿದ್ಧ.

ಸ್ವಾರಸ್ಯವಿರುವುದು ಆ 400ರಲ್ಲಿ. ಚಿತ್ರದ ಅಕ್ಕಪಕ್ಕದ ಸಾಲುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ 400 ಬೈಟಿಗೊಮ್ಮೆ ಅದೇ ಅಲೆ ಮರಳಿ ಬರುತ್ತದೆ. 44,100ನ್ನು 400ರಿಂದ ಭಾಗಿಸಿ: 110.25 ಹರ್ಟ್ಸ್. ಇದನ್ನೇ ಷಡ್ಜವೆಂದುಕೊಂಡರೆ, ಅಗಲವನ್ನು 300ಕ್ಕೆ ಇಳಿಸಿದಾಗ 147 ಹರ್ಟ್ಸ್, ಅಂದರೆ ಶುದ್ಧ ಮಧ್ಯಮ. 200ಕ್ಕೆ ಇಳಿಸಿದಾಗ ತಾರ ಷಡ್ಜ. ಪಂಚಮ ಮಾತ್ರ ಸ್ವಲ್ಪ ಸತಾಯಿಸುತ್ತದೆ. ಬಿಎಂಪಿಯಲ್ಲಿ ಪ್ರತಿ ಸಾಲಿನ ಬೈಟುಗಳು 4ರ ಗುಣಕವಾಗಿರಲೇಬೇಕು. 267 ಬೇಕಿದ್ದ ಕಡೆ 268 ಇಟ್ಟು, ತುಸು ಇಳಿದ ಪಂಚಮಕ್ಕೇ ಸಮಾಧಾನಪಟ್ಟುಕೊಳ್ಳುತ್ತೇನೆ.

ಶ್ರುತಿ ಅಗಲದ್ದಾದರೆ ನಾದದ ಗುಣ ಚಿತ್ರದ್ದು. ಚೌಕಳಿ ಟವೆಲ್‌ನ ಫೋಟೋದಲ್ಲಿ ಅಡ್ಡಕ್ಕೆ 20 ಚೌಕಗಳಿದ್ದರೆ, ಮೂಲ ಶ್ರುತಿಯ 20 ಪಟ್ಟು, ಅಂದರೆ 2,205 ಹರ್ಟ್ಸ್‌ನಲ್ಲಿ ತೀಕ್ಷ್ಣವಾದ ಸಿಳ್ಳು ಏಳುತ್ತದೆ. ತೆಂಗಿನ ಗರಿಗಳದ್ದು ಒರಟು ಗರಗರ. ಮೋಡವಿಲ್ಲದ ಆಕಾಶದಲ್ಲಿ ಬೈಟುಗಳು ಬದಲಾಗುವುದೇ ಇಲ್ಲವೆನ್ನಬಹುದು, ಹಾಗಾಗಿ ಸದ್ದೂ ಇಲ್ಲ. ನನಗಂತೂ ಹೆಸರಾಂತ ತಾಣಗಳ ಫೋಟೋಗಳಿಗಿಂತ ನೇಯ್ಗೆ, ಜಾಲರಿ, ಹೆಂಚಿನ ಮಾಡುಗಳೇ ಇಷ್ಟ.

ಬಿಎಂಪಿ ಸಾಮಾನ್ಯವಾಗಿ ಚಿತ್ರವನ್ನು ಕೆಳಗಿನ ಸಾಲಿನಿಂದ ಬರೆದಿಡುತ್ತದೆ. ನೆಲ ಮೊದಲು ಕೇಳಿಸಿ, ಆಕಾಶ ಕೊನೆಗೆ ಬರುತ್ತದೆ. ಕ್ರಮ ಬದಲಾಗಬೇಕಿದ್ದರೆ ಉಳಿಸುವ ಮುನ್ನ ಚಿತ್ರವನ್ನು ಮೇಲು-ಕೆಳಗಾಗಿ ತಿರುಗಿಸಬೇಕು. ಕಡತದ ತಲೆಭಾಗದ ಮಾಹಿತಿಯೂ ಧ್ವನಿಯಾಗಿ ಚಟ್ ಎನ್ನುತ್ತದೆ. ಹಳೆಯ ಸರಳ ಮಾದರಿಯ 8 ಬಿಟ್ ಬಿಎಂಪಿಯಲ್ಲಿ ಅದು 1,078 ಬೈಟ್; ಆಫ್‌ಸೆಟ್ ಎಂಬಲ್ಲಿ ಆ ಸಂಖ್ಯೆ ತುಂಬಿದರೆ ಕಾಟ ತಪ್ಪುತ್ತದೆ. ಹೆಡ್‌ಫೋನ್ ಹಾಕಿಕೊಳ್ಳುವವರು ವಾಲ್ಯೂಮನ್ನು ಮೊದಲೇ ತಗ್ಗಿಸಿಕೊಳ್ಳಿ. ಬಿಳಿ ಗೋಡೆಯಿಂದ ಕಪ್ಪು ಬಾಗಿಲಿಗೆ ಜಿಗಿಯುವ ಚಿತ್ರ ಕಿವಿಗೆ ಬಡಿದಂತೆ ಕೇಳುತ್ತದೆ.