‘ರನ್’ ಪದವನ್ನು ನಾನು ಕಲಿಸುವ ಕ್ರಮ

ಶಿರಸಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಹೇಳಿಕೊಡುವಾಗ ನಾನು ದೊಡ್ಡ ದೊಡ್ಡ ಪದಗಳಿಗಿಂತ ‘ರನ್’ನಂಥ ಸಣ್ಣ ಪದಗಳಿಗೇ ಹೆಚ್ಚು ಹೊತ್ತು ಕೊಡುತ್ತೇನೆ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದದ್ದಾಗಿತ್ತು. ಮುಂದಿನ ಪರಿಷ್ಕರಣೆಯಲ್ಲಿ ಆ ಸ್ಥಾನ ‘ರನ್’ಗೆ ಬಂತು, ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಸಂಪಾದಕರು ಗುರುತಿಸಿದರು. ಅಷ್ಟನ್ನೂ ಯಾರೂ ಬಾಯಿಪಾಠ ಮಾಡಲಾರರು, ಮಾಡಬೇಕಾಗಿಯೂ ಇಲ್ಲ.

ಅರ್ಥಗಳ ಪಟ್ಟಿ ಬರೆಸುವ ಬದಲು, ವಾಕ್ಯದಲ್ಲಿ ‘ರನ್’ ಆಗುತ್ತಿರುವುದು ಯಾವುದು ಎಂದು ನಾನು ಮೊದಲು ಕೇಳುತ್ತೇನೆ. ಅಘನಾಶಿನಿಯಾದರೆ ಹರಿಯುತ್ತದೆ, ತೋಟದ ಪಂಪ್‌ಸೆಟ್ಟಾದರೆ ಚಾಲೂ ಇರುತ್ತದೆ, ಕಾರವಾರ ಭಟ್ಕಳಗಳ ನಡುವಿನ 66ನೆಯ ಹೆದ್ದಾರಿಯಾದರೆ ಹಾದುಹೋಗುತ್ತದೆ, ನೆಗಡಿಯಾದ ಮೂಗು ಸೋರುತ್ತದೆ, ನೀರಿಗೆ ಹಾಕಿದ ಹೊಸ ಸೀರೆ ಬಣ್ಣ ಬಿಡುತ್ತದೆ, ಬಯಲಾಟ ಬೆಳಗಿನವರೆಗೆ ನಡೆಯುತ್ತದೆ. ಇವೆಲ್ಲ ತಾವು ದಿನವೂ ಆಡುವ ಕ್ರಿಯಾಪದಗಳೇ ಎಂದು ಕಂಡಮೇಲೆ ಅವರ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ. ಚುನಾವಣೆಯ ಉದಾಹರಣೆ ಅವರಿಗೆ ಬಹಳ ಹಿಡಿಸುತ್ತದೆ: ಅಮೆರಿಕದವರು ‘ರನ್’ ಎನ್ನುವಲ್ಲಿ ಬ್ರಿಟಿಷರು ‘ಸ್ಟ್ಯಾಂಡ್’ ಎನ್ನುತ್ತಾರೆ, ನಾವೂ ಚುನಾವಣೆಗೆ ನಿಲ್ಲುತ್ತೇವೆ.

ಪದದ ಮುಂದೆ ಏನಿದೆ ಎಂಬುದು ಎರಡನೆಯ ಪ್ರಶ್ನೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಪೇಟೆಯಲ್ಲಿ ಕಿರಾಣಿ ಅಂಗಡಿಯಿರುವವರ ಮಗಳೊಬ್ಬಳು ‘ಮೈ ಫಾದರ್ ರನ್ಸ್ ಟು ಎ ಶಾಪ್’ ಎಂದು ಬರೆದಿದ್ದಳು. ‘ಟು’ ಮೇಲೆ ಬೆರಳಿಟ್ಟು ಮುಚ್ಚಿ ಓದು ಎಂದೆ, ಬೆರಳು ತೆಗೆದು ಮತ್ತೊಮ್ಮೆ ಓದಿಸಿದೆ. ಬೆರಳು ತೆಗೆದಾಗ ಅಪ್ಪ ಅಂಗಡಿಗೆ ಓಡುತ್ತಾರೆ, ಮುಚ್ಚಿದಾಗ ಅಂಗಡಿ ನಡೆಸುತ್ತಾರೆ ಎಂಬುದನ್ನು ಅವಳೇ ಇಡೀ ತರಗತಿಗೆ ವಿವರಿಸಿದಳು.

ದಾರಿಯಲ್ಲಿ ಯಾರಾದರೂ ಅಕಸ್ಮಾತ್ತಾಗಿ ಸಿಕ್ಕರೆ ‘ರನ್ ಇಂಟು’, ಗಾಡಿ ಮೈಮೇಲೆ ಹರಿದರೆ ‘ರನ್ ಓವರ್’. ಕ್ರಿಕೆಟ್ ನೋಡುವವರಿಗೆ ‘ರನ್ ಔಟ್’ ಗೊತ್ತೇ ಇರುತ್ತದೆ. ಆದರೆ ‘ವಿ ಹ್ಯಾವ್ ರನ್ ಔಟ್ ಆಫ್ ರೈಸ್’ ಎಂದರೆ ಮನೆಯಲ್ಲಿ ಅಕ್ಕಿ ತೀರಿದೆ ಎಂದರ್ಥ. ಇಂಥವನ್ನು ನಿಯಮ ಹೇಳಿ ಕಲಿಸಲಾಗದು. ಆದ್ದರಿಂದ ಓದುವಾಗ ಸಿಕ್ಕ ವಾಕ್ಯವನ್ನು ಪೂರ್ತಿಯಾಗಿ ಬರೆದುಕೊಂಡು, ಅದರ ಪಕ್ಕದಲ್ಲಿ ಮನೆಯಲ್ಲಿ ಆಡುವ ಮಾತಿನಲ್ಲೇ ಅರ್ಥ ಬರೆಯಬೇಕೆಂದು ಹೇಳಿದ್ದೇನೆ. ಹವ್ಯಕರ ಮಕ್ಕಳು ಹವಿಗನ್ನಡದಲ್ಲಿ, ಘಟ್ಟದ ಕೆಳಗಿನಿಂದ ಬಂದ ಕೆಲವರು ಕೊಂಕಣಿಯಲ್ಲಿ ಬರೆಯುತ್ತಾರೆ, ಅದಕ್ಕೆ ಅಡ್ಡಿಯಿಲ್ಲ.